ಮೊಬೈಲಿನಲ್ಲಿ ಮೊಲದ ಕಣ್ಣು

"ಮೇಷ್ಟ್ರೇ, ಒಂದು ಮಾತು ಕೇಳ್ಲಾ? ನಮ್ಮ ಹುಡುಗಿ ಬೆಳಗಾಗೆದ್ದರೆ ಮೊಬೈಲು, ಮಲಗೋವಾಗ್ಲೂ ಮೊಬೈಲು. ಕೇಳಿದ್ರೆ ಓದ್ತಿದ್ದೀನಿ ಅಜ್ಜಿ ಅಂತಾಳೆ. ಔಷಧಿ ಓದನ್ನ ಅದರಲ್ಲಿ ಓದೋಕಾಗತ್ತಾ?"

ಪಕ್ಕದ ಮನೆಯ ಅಕ್ಕ ಕಾಂಪೌಂಡ್ ಗೋಡೆಯ ಮೇಲೆ ಸೊಪ್ಪಿನ ಮೊರ ಇಟ್ಟು ಕೇಳಿದರು. ಅವರ ಮೊಮ್ಮಗಳು ಬಿ.ಫಾರ್ಮ್ ಐದನೇ ಸೆಮಿಸ್ಟರಿನಲ್ಲಿದ್ದಾಳೆ. ನಾನು ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಿಯಾದವನು. ನಮ್ಮ ಹರಟೆ ಎಲ್ಲಿಂದ ಶುರುವಾದರೂ ಆ ಹುಡುಗಿಯ ಓದಿನ ಹತ್ತಿರ ಬಂದು ನಿಲ್ಲುತ್ತದೆ.

"ಆಗತ್ತೆ ಅಕ್ಕಾ, ಚೆನ್ನಾಗೇ ಆಗತ್ತೆ. ಏನನ್ನ ತೆಗೆದು ಓದ್ತಾಳೆ ಅನ್ನೋದನ್ನ ನೋಡ್ಬೇಕು, ಅಷ್ಟೆ."

"ಅದೇನೋಪ್ಪ, ನಂಗೆ ಗೊತ್ತಾಗಲ್ಲ. ಆದ್ರೆ ಮೊನ್ನೆ ಬೆಳಿಗ್ಗೆ ನನ್ನ ಥೈರಾಯ್ಡ್ ಮಾತ್ರೆ ಜೊತೆಗೇ ಕ್ಯಾಲ್ಸಿಯಂ ಮಾತ್ರೆನೂ ಬಾಯಿಗೆ ಹಾಕ್ಕೊಳ್ಳೋದ್ರಲ್ಲಿದ್ದೆ. ಓಡಿಬಂದು ಕೈ ಹಿಡಿದುಬಿಟ್ಲು. ಎರಡಕ್ಕೂ ನಾಲ್ಕು ಗಂಟೆ ಅಂತರ ಇರ್ಬೇಕಂತೆ. ಇಷ್ಟು ವರ್ಷದಿಂದ ನುಂಗ್ತಿದ್ದೀನಿ, ಒಬ್ಬರೂ ಹೇಳಿರ್ಲಿಲ್ಲ ನೋಡಿ."

ನನಗೆ ಬಲು ಸಂತೋಷವಾಯಿತು. ಹುಡುಗಿಯನ್ನು ಕೂಗಿ ಕರೆದು, ಎಲ್ಲಿ ಓದಿದೆಯಮ್ಮ ಅಂತ ಕೇಳಿದೆ. ಮೊಬೈಲು ತಂದು ತೋರಿಸಿದಳು. ಡೈಲಿಮೆಡ್ ಅನ್ನುವ ತಾಣ, ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ್ದು. ಅಲ್ಲಿನ ಔಷಧಗಳ ಡಬ್ಬಿಯೊಳಗೆ ಮಡಚಿ ಇಡುವ ಸಣ್ಣಕ್ಷರದ ಹಾಳೆ ಇರುತ್ತದಲ್ಲ, ಅದರ ಪೂರ್ತಿ ಪಾಠ ಅದರಲ್ಲಿದೆ. ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು. ಲೆವೊಥೈರಾಕ್ಸಿನ್ ಅಂತ ಹುಡುಕಿ, ಬೇರೆ ಔಷಧಗಳ ಜೊತೆ ಹೇಗೆ ವರ್ತಿಸುತ್ತದೆ ಅನ್ನುವ ಭಾಗಕ್ಕೆ ನೇರವಾಗಿ ಹೋಗಿದ್ದಳು. ಕ್ಯಾಲ್ಸಿಯಂ ಕಾರ್ಬೊನೇಟ್, ಕಬ್ಬಿಣಾಂಶದ ಮಾತ್ರೆ ಇವೆಲ್ಲ ಕರುಳಿನಲ್ಲೇ ಥೈರಾಯ್ಡ್ ಔಷಧವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಅದಕ್ಕೇ ನಾಲ್ಕು ಗಂಟೆ ಅಂತರ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು ಅಂತಲೂ ಅಲ್ಲೇ ಇದೆ. ಡಾಕ್ಟರ ಕಿವಿಗೂ ಒಂದು ಮಾತು ಹಾಕಿ ಅಕ್ಕಾ, ಡೋಸು ನೋಡಿ ಹೇಳುತ್ತಾರೆ ಅಂದೆ.

ಇದನ್ನು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಇದೇ ಹುಡುಗಿ ಇಂಟರ್ನಲ್ಸ್ ಹತ್ತಿರ ಬಂದಾಗ ಇದೇ ಮೊಬೈಲಿನಲ್ಲಿ ಏನು ನೋಡುತ್ತಾಳೆ ಅನ್ನುವುದೂ ನನಗೆ ಗೊತ್ತು. ಒಂದೇ ರಾತ್ರಿಯಲ್ಲಿ ಇಡೀ ಯೂನಿಟ್ ಮುಗಿಸುವ ವಿಡಿಯೊ, ಬರುವ ಪ್ರಶ್ನೆ ಇಷ್ಟೇ ಅಂತ ಹೇಳುವ ವಿಡಿಯೊ, ವಾಟ್ಸಾಪ್ ಗುಂಪಿನಲ್ಲಿ ಹರಿದಾಡುವ ಹೆಸರಿಲ್ಲದ, ತಾರೀಖಿಲ್ಲದ ಪಿಡಿಎಫ್ ನೋಟ್ಸು. ಮಕ್ಕಳನ್ನು ಬೈದು ಪ್ರಯೋಜನವಿಲ್ಲ, ಪ್ರಶ್ನೆಪತ್ರಿಕೆ ಅದನ್ನೇ ಕೇಳುತ್ತದೆ. ಆದರೆ ಬೇರೆ ವಿಷಯದ ನೋಟ್ಸಿನಲ್ಲಿ ತಪ್ಪಿದ್ದರೆ ಒಂದು ಅಂಕ ಹೋಗುತ್ತದೆ. ಔಷಧದ ನೋಟ್ಸಿನಲ್ಲಿ ತಪ್ಪಿದ್ದರೆ ಅದು ಮುಂದೆ ಯಾರದೋ ಹೊಟ್ಟೆಗೆ ಹೋಗುತ್ತದೆ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಮಾತ್ರೆ 0.25 ಮಿಲಿಗ್ರಾಂ. ನಕಲು ಮಾಡುವಾಗ ಆ ಸೊನ್ನೆ, ಆ ಚುಕ್ಕಿ ಬಿದ್ದುಹೋದರೆ ನೂರು ಪಟ್ಟು ಆಗುತ್ತದೆ. ಅಂಥ ಪಿಡಿಎಫ್ ಸೀನಿಯರಿಂದ ಜೂನಿಯರಿಗೆ, ಅವರಿಂದ ಮುಂದಿನ ಬ್ಯಾಚಿಗೆ ಹೋಗುತ್ತಲೇ ಇರುತ್ತದೆ. ತಿದ್ದುವವರು ಯಾರು?

"ಹಾಗಾದ್ರೆ ಕಿತ್ತಿಟ್ಟುಬಿಡ್ಲಾ ಮೊಬೈಲು?" ಅಂದರು ಅಕ್ಕ.

"ಅಯ್ಯೋ, ಬೇಡಿ ಅಕ್ಕಾ. ಅದರಲ್ಲಿ ಅವಳಿಗೆ ಸಿಗೋದನ್ನ ನಾವು ಕ್ಲಾಸಿನಲ್ಲಿ ಎಷ್ಟು ಒದ್ದಾಡಿದ್ರೂ ಕೊಡೋಕಾಗ್ತಿರ್ಲಿಲ್ಲ."

ನಿಜವಾಗಿಯೂ ಆಗುತ್ತಿರಲಿಲ್ಲ. ಔಷಧ ರಸಾಯನಶಾಸ್ತ್ರವನ್ನೇ ತೆಗೆದುಕೊಳ್ಳಿ. ಕರಿಹಲಗೆಯ ಮೇಲೆ ಷಟ್ಕೋನ ಬರೆದು, ಕಡ್ಡಿ ಎಳೆದು, ಈ ಗುಂಪು ಹಲಗೆಯಿಂದ ನಿಮ್ಮ ಕಡೆಗೆ ಬಂದಿದೆ, ಆ ಗುಂಪು ಹಿಂದಕ್ಕೆ ಹೋಗಿದೆ, ಮನಸ್ಸಿನಲ್ಲೇ ನೋಡಿಕೊಳ್ಳಿ ಅಂತ ಹೇಳಬೇಕಿತ್ತು. ಹಿಂದಿನ ಬೆಂಚಿನವರಿಗೆ ಸೀಮೆಸುಣ್ಣದ ಗೆರೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಈಗ ಪಬ್‌ಕೆಮ್ ಅನ್ನುವ ತಾಣ ಇದೆ, 2004ರಿಂದ. ಅದರಲ್ಲಿ ಪ್ರತಿ ರಾಸಾಯನಿಕಕ್ಕೂ ಒಂದು ಸಂಖ್ಯೆಯಿದೆ: ಆಸ್ಪಿರಿನ್‌ದು 2244, ಪ್ಯಾರಸಿಟಮಾಲ್‌ದು 1983. ಅಣುವನ್ನು ಬೆರಳಿನಿಂದ ಹೇಗೆ ಬೇಕಾದರೂ ತಿರುಗಿಸಿ ನೋಡಬಹುದು. ಐಬುಪ್ರೊಫೆನ್ ಎಡ-ಬಲ ಕೈಗಳಂತೆ ಎರಡು ರೂಪದಲ್ಲಿರುತ್ತದೆ, ನೋವು ಇಳಿಸುವುದು ಮುಖ್ಯವಾಗಿ ಅದರಲ್ಲಿ ಒಂದು, ಇನ್ನೊಂದರ ಬಹುಭಾಗವನ್ನು ನಮ್ಮ ದೇಹವೇ ಕೆಲಸದ ರೂಪಕ್ಕೆ ತಿರುಗಿಸಿಕೊಳ್ಳುತ್ತದೆ. ಇದನ್ನು ಹಲಗೆಯ ಮೇಲೆ ಎಷ್ಟು ಸಲ ಹೇಳಿದರೂ ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ತಿರುಗಿಸಿ ನೋಡಿದ ಮೇಲೆ ಬಾಯಿಪಾಠ ಬೇಕಾಗುವುದಿಲ್ಲ.

ಅದರ ಮುಂದಿನ ಹೆಜ್ಜೆ ಪ್ರೊಟೀನ್ ಡೇಟಾ ಬ್ಯಾಂಕ್. 1971ರಲ್ಲಿ ಏಳೇ ಏಳು ಪ್ರೊಟೀನುಗಳ ರಚನೆಯಿಂದ ಶುರುವಾದದ್ದು ಇಂದು ಎರಡು ಲಕ್ಷ ದಾಟಿದೆ. ಐಬುಪ್ರೊಫೆನ್ ತಾನು ತಡೆಯಬೇಕಾದ ಕಿಣ್ವದ ಒಳಗೆ ಹೋಗಿ ಹೇಗೆ ಕೂತಿದೆ ಅನ್ನುವುದನ್ನು ತುಮಕೂರಿನ ಹುಡುಗಿಯೂ ನೋಡಬಹುದು, ಬೀದರಿನ ಹುಡುಗನೂ ನೋಡಬಹುದು. ಅದಕ್ಕೆ ದೊಡ್ಡ ಕಾಲೇಜು ಬೇಕಿಲ್ಲ, ಫೀಸು ಬೇಕಿಲ್ಲ. ಇದೆಂಥ ಸೌಭಾಗ್ಯ ಅನ್ನುವುದು ಹಲಗೆಯ ಮುಂದೆ ನಿಂತು ಬಂದವರಿಗೆ ಗೊತ್ತು.

"ಮೊಲ, ಕಪ್ಪೆ ಎಲ್ಲಾ ಕೊಯ್ತಾರೆ ಅಂತಾರಲ್ಲ, ನಮ್ಮ ಹುಡುಗಿಗೆ ಅದೆಲ್ಲ ಇದೆಯಾ?" ಅಂತ ಅಕ್ಕ ಸೊಪ್ಪು ಸೋಸುವುದನ್ನು ನಿಲ್ಲಿಸಿ ಕೇಳಿದರು. ಬಹಳ ದಿನದಿಂದ ಮನಸ್ಸಿನಲ್ಲಿದ್ದ ಪ್ರಶ್ನೆ ಅಂತ ಮುಖ ನೋಡಿದರೇ ತಿಳಿಯುತ್ತಿತ್ತು.

ನಾವು ಓದುವಾಗ ಇತ್ತು. ಕಪ್ಪೆಯ ಮಿದುಳಿಗೆ ಸೂಜಿ ಚುಚ್ಚಿ, ಎದೆ ತೆರೆದು, ಮಿಡಿಯುವ ಹೃದಯಕ್ಕೆ ದಾರ ಕಟ್ಟಿ, ಮಸಿ ಹಿಡಿಸಿದ ಕಾಗದದ ಡ್ರಮ್ಮಿನ ಮೇಲೆ ಅದರ ಏರಿಳಿತ ಬರೆಸುತ್ತಿದ್ದೆವು. ಪ್ರತಿ ಬ್ಯಾಚಿಗೂ ಅದೇ ಕಪ್ಪೆ ಪಾಠ, ಅದೇ ಗೆರೆ. ಉತ್ತರ ಮೊದಲೇ ಗೊತ್ತಿರುವ ಪ್ರಯೋಗಕ್ಕೆ ಅಷ್ಟು ಜೀವ ತೆಗೆಯುವುದು ಸರಿಯಲ್ಲ ಅಂತ ಈಗ ಎಲ್ಲರೂ ಒಪ್ಪಿದ್ದಾರೆ. ಭಾರತೀಯ ಫಾರ್ಮಸಿ ಪರಿಷತ್ತಿನ 2014ರ ಬಿ.ಫಾರ್ಮ್ ನಿಯಮಾವಳಿಯ ಪಠ್ಯದಲ್ಲೇ ಇದೆ: ಪ್ರಾಣಿಗಳ ಪ್ರಯೋಗಗಳನ್ನು ಸಾಫ್ಟ್‌ವೇರ್ ಮತ್ತು ವಿಡಿಯೊ ಮೂಲಕವೇ ತೋರಿಸಬೇಕು.

ಅಂಥ ಸಾಫ್ಟ್‌ವೇರುಗಳಲ್ಲಿ ನಮ್ಮ ದೇಶದಲ್ಲೇ ಹುಟ್ಟಿದ್ದು ಎಕ್ಸ್‌ಫಾರ್ಮ್. ಪುದುಚೇರಿಯ ಜಿಪ್ಮರ್ ಸಂಸ್ಥೆಯ ಔಷಧಶಾಸ್ತ್ರ ವಿಭಾಗದ ಆರ್. ರವೀಂದ್ರನ್ ಮಾಡಿದ್ದು. ಅದರಲ್ಲಿನ ಮೊಲದ ಕಣ್ಣಿನ ಪ್ರಯೋಗ ನನಗೆ ಬಹಳ ಇಷ್ಟ. ಪರದೆಯ ಮೇಲೆ ಮೊಲವಿದೆ. ಕಣ್ಣಿಗೆ ಒಂದು ಹನಿ ಔಷಧ ಬಿಟ್ಟು, ಪಾಪೆ ಎಷ್ಟು ಮಿಲಿಮೀಟರ್ ಅಗಲವಾಯಿತು ನೋಡಬೇಕು. ಟಾರ್ಚ್ ಬೆಳಕು ಬಿಟ್ಟರೆ ಪಾಪೆ ಕುಗ್ಗುತ್ತದೆಯೇ ನೋಡಬೇಕು. ಹತ್ತಿಯ ಎಳೆ ತಾಗಿಸಿದರೆ ರೆಪ್ಪೆ ಮುಚ್ಚುತ್ತದೆಯೇ ನೋಡಬೇಕು. ಪಾಪೆ ಕಿರಿದಾದರೆ ಪೈಲೊಕಾರ್ಪಿನ್ ಇರಬಹುದು. ಪಾಪೆ ಹಾಗೇ ಇದ್ದು, ಹತ್ತಿ ತಾಗಿಸಿದರೂ ರೆಪ್ಪೆ ಮುಚ್ಚದಿದ್ದರೆ ಮರಗಟ್ಟಿಸುವ ಲಿಗ್ನೊಕೇನ್. ಪಾಪೆ ಅಗಲವಾಯಿತು ಅನ್ನಿ, ಆಗ ಯೋಚನೆ ಶುರು. ಅಟ್ರೊಪಿನ್ ಕೂಡ ಅಗಲ ಮಾಡುತ್ತದೆ, ಎಫೆಡ್ರಿನ್ ಕೂಡ ಮಾಡುತ್ತದೆ. ಟಾರ್ಚ್ ಬಿಟ್ಟಾಗ ಪಾಪೆ ಕುಗ್ಗದಿದ್ದರೆ ಅದು ಅಟ್ರೊಪಿನ್, ಏಕೆಂದರೆ ಅದು ಕುಗ್ಗಿಸುವ ಸ್ನಾಯುವನ್ನೇ ಕಟ್ಟಿಹಾಕಿರುತ್ತದೆ. ಕುಗ್ಗಿದರೆ ಎಫೆಡ್ರಿನ್, ಅದು ಹಿಗ್ಗಿಸುವ ಸ್ನಾಯುವನ್ನು ಎಳೆದಿದೆ ಅಷ್ಟೆ, ಕುಗ್ಗಿಸುವ ಸ್ನಾಯುವನ್ನು ಮುಟ್ಟಿಲ್ಲ.

ಕಣ್ಣಾಸ್ಪತ್ರೆಯಲ್ಲಿ ಹನಿ ಹಾಕಿಸಿಕೊಂಡು ಬಂದ ದಿನ ಕೆಲವು ಗಂಟೆ ಬೆಳಕು ತಡೆಯಲಾಗದೆ ಕಣ್ಣು ಮಂಜಾಗಿರುತ್ತದಲ್ಲ ಅಕ್ಕಾ, ಅದೇ ಜಾತಿಯ ಔಷಧ ಅಂದೆ. ಅವರಿಗೆ ಥಟ್ಟನೆ ಹೊಳೆಯಿತು. ಮಕ್ಕಳಿಗೂ ಹಾಗೆಯೇ ಹೊಳೆಯಬೇಕು. ಮೊಲ ಒಂದೇ ಇದ್ದಾಗ ಇಪ್ಪತ್ತು ಜನ ಸುತ್ತ ನಿಂತು, ಮುಂದಿನ ಇಬ್ಬರು ನೋಡಿ, ಉಳಿದವರು ರೆಕಾರ್ಡಿನಲ್ಲಿ ನಕಲು ಮಾಡುತ್ತಿದ್ದರು. ಈಗ ಪ್ರತಿಯೊಬ್ಬರಿಗೂ ಒಂದು ಮೊಲ. ತಪ್ಪಿದರೆ ಮತ್ತೆ ಹನಿ ಹಾಕು, ಮತ್ತೆ ನೋಡು. ಆ ಮೊಲಕ್ಕೆ ನೋವಿಲ್ಲ.

ಹೀಗೆ ಮತ್ತೆ ಮತ್ತೆ ನೋಡುವ ಅವಕಾಶವೇ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಮೊದಲ ಸೆಮಿಸ್ಟರಿನಲ್ಲಿ ಪಡುವ ಪಾಡು ನೋಡಿದ್ದೇನೆ. ಮೇಷ್ಟ್ರು ಇಂಗ್ಲಿಷಿನಲ್ಲಿ ಒಂದು ಗಂಟೆ ಹೇಳುತ್ತಾರೆ, ಹತ್ತನೇ ನಿಮಿಷಕ್ಕೆ ಒಂದು ಎಳೆ ತಪ್ಪುತ್ತದೆ, ಉಳಿದ ಐವತ್ತು ನಿಮಿಷ ತಲೆಯಾಡಿಸುತ್ತ ಕೂರುತ್ತಾರೆ. ಎದ್ದುನಿಂತು ಕೇಳಲು ಸಂಕೋಚ. ರೆಕಾರ್ಡ್ ಆದ ಪಾಠದ ಮುಂದೆ ಆ ಸಂಕೋಚವಿಲ್ಲ. ನಿಲ್ಲಿಸು, ಹಿಂದಕ್ಕೆ ಹೋಗು, ಪದದ ಅರ್ಥ ಬರೆದುಕೋ, ಮತ್ತೆ ಕೇಳು. ಎನ್‌ಪಿಟಿಇಎಲ್ ಮತ್ತು ಸ್ವಯಂ ತಾಣಗಳಲ್ಲಿ ದೇಶದ ಒಳ್ಳೆಯ ಮೇಷ್ಟ್ರುಗಳ ಪಾಠ ಉಚಿತವಾಗಿ ಸಿಗುತ್ತದೆ. ಮೊದಲನೆಯದು 2003ರಲ್ಲಿ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಶುರು ಮಾಡಿದ್ದು, ಎರಡನೆಯದು 2017ರಲ್ಲಿ ಬಂದದ್ದು. ಕೇಳುವ ಮಕ್ಕಳು ಕೇಳುತ್ತಾರೆ. ಆದರೆ ಸಿಗ್ನಲ್ ಇರಬೇಕು! ಕೋವಿಡ್ ಲಾಕ್‌ಡೌನಿನಲ್ಲಿ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದ್ದನ್ನು ಪತ್ರಿಕೆಗಳಲ್ಲಿ ನೋಡಿದೆವಲ್ಲ. ಕಾಲೇಜು ಪಾಠಗಳನ್ನು ತಾಣದಲ್ಲಿ ಹಾಕಿದರೆ ಸಾಲದು, ಇಳಿಸಿಕೊಂಡು ಊರಿಗೆ ಒಯ್ಯುವ ಹಾಗೆ ಕೊಡಬೇಕು, ಕಡತ ಚಿಕ್ಕದಾಗಿರಬೇಕು.

ಅಷ್ಟರಲ್ಲಿ ಹುಡುಗಿ ನಮ್ಮ ಮಾತಿಗೆ ಸೇರಿಕೊಂಡಳು. "ಅಂಕಲ್, ಟ್ಯಾಬ್ಲೆಟ್ ಪ್ರಾಕ್ಟಿಕಲ್ ಇದೆ ನಾಳೆ. ವಿಡಿಯೊ ನಾಲ್ಕು ನೋಡಿದ್ದೀನಿ. ಆದ್ರೂ ಕಳೆದ ವಾರ ನನ್ನ ಮಾತ್ರೆ ಎಲ್ಲಾ ಮೇಲ್ಭಾಗ ಕಳಚಿ ಬಂದ್ವು."

ಇಲ್ಲಿಗೆ ಬಂದಾಗ ಮೊಬೈಲಿನ ಕೆಲಸ ಮುಗಿಯುತ್ತದೆ. ಮಾತ್ರೆ ಮಾಡುವಾಗ ಔಷಧದ ಪುಡಿಗೆ ಪಿಷ್ಟದ ಗಂಜಿ ಸೇರಿಸಿ ಕಲಸುತ್ತಾರೆ. ಗಂಜಿ ಕಡಿಮೆಯಾದರೆ ಮಾತ್ರೆ ಉದುರುತ್ತದೆ, ಹೆಚ್ಚಾದರೆ ಕಲ್ಲಾಗಿ ಹೊಟ್ಟೆಯಲ್ಲಿ ಕರಗುವುದೇ ಇಲ್ಲ. ಹದ ಯಾವುದು? ಅಂಗೈಯಲ್ಲಿ ಹಿಡಿದು ಅದುಮಿದರೆ ಉಂಡೆಯಾಗಬೇಕು, ಬೆರಳಿನಿಂದ ಒತ್ತಿದರೆ ಅಂಟದೆ ಬಿರಿದು ಒಡೆಯಬೇಕು. ಆಮೇಲೆ ಜರಡಿಯಲ್ಲಿ ಒತ್ತಿ ಹರಳು ಮಾಡಿ ಒಣಗಿಸಬೇಕು. ಅತಿಯಾಗಿ ಒಣಗಿಸಿದರೂ, ಹರಳಿನಲ್ಲಿ ನುಣ್ಣನೆ ಪುಡಿ ಹೆಚ್ಚಾದರೂ ಮಾತ್ರೆಯ ತಲೆ ಕಳಚುತ್ತದೆ.

"ಕೋಡುಬಳೆ ಹಿಟ್ಟಿನ ಹದ ಇದ್ದ ಹಾಗಾಯ್ತಲ್ಲ," ಅಂದರು ಅಕ್ಕ.

ಹಾಗೇ ಅಂದೆ. ಎಷ್ಟು ನೀರು ಅಂತ ನೋಡಿ ಕಲಿತವರಿಲ್ಲ, ಕೈ ಹಾಕಿಯೇ ಕಲಿಯಬೇಕು. ಹುಡುಗಿಗೆ ಇಷ್ಟು ಹೇಳಿದೆ: ನಾಳೆ ಮೂರು ಬಟ್ಟಲಲ್ಲಿ ಬೇರೆ ಬೇರೆ ಅಳತೆಯ ಗಂಜಿ ಹಾಕಿ ಕಲಸಿ, ಮೂರನ್ನೂ ಅದುಮಿ ನೋಡು. ಮಾತ್ರೆಗಳನ್ನು ಉರುಳುವ ಡ್ರಮ್ಮಿಗೆ ಹಾಕಿ ನಿಮಿಷಕ್ಕೆ 25 ಸುತ್ತಿನಂತೆ ನಾಲ್ಕು ನಿಮಿಷ ತಿರುಗಿಸು. ನೂರು ಸುತ್ತಿಗೆ ತೂಕ ಶೇಕಡಾ ಒಂದಕ್ಕಿಂತ ಹೆಚ್ಚು ಕಳೆಯಬಾರದು. ವಿಡಿಯೊವನ್ನು ಮೊದಲೇ ನೋಡಿಕೊಂಡು ಹೋದರೆ ಲ್ಯಾಬಿನಲ್ಲಿ ಯಂತ್ರದ ಭಾಗ ಹುಡುಕುವುದರಲ್ಲಿ ಹೊತ್ತು ಹೋಗುವುದಿಲ್ಲ, ಕೈಗೆ ಹೆಚ್ಚು ಸಮಯ ಸಿಗುತ್ತದೆ. ಅದಕ್ಕೋಸ್ಕರ ವಿಡಿಯೊ ಬೇಕು. ಲ್ಯಾಬನ್ನೇ ಬಿಟ್ಟು ವಿಡಿಯೊ ತೋರಿಸಿ ಕಳಿಸುವ ಕಾಲೇಜು ಮಕ್ಕಳಿಗೆ ಅನ್ಯಾಯ ಮಾಡುತ್ತಿದೆ ಅಂತ ನಾನು ನೇರವಾಗಿಯೇ ಹೇಳುತ್ತೇನೆ.

ಇನ್ನೊಂದು ಎಚ್ಚರ ಹುಡುಗಿಗೆ ಹೇಳಬೇಕಿತ್ತು. ಡೈಲಿಮೆಡ್ ಒಳ್ಳೆಯದೇ, ಆದರೆ ಅಮೆರಿಕದ್ದು. ನಮ್ಮ ಸಾಲ್ಬುಟಮಾಲ್ ಅಲ್ಲಿ ಆಲ್ಬ್ಯುಟೆರಾಲ್, ನಮ್ಮ ಗ್ಲಿಬೆನ್‌ಕ್ಲಮೈಡ್ ಅಲ್ಲಿ ಗ್ಲೈಬುರೈಡ್. ನಮ್ಮ ಮೆಡಿಕಲ್ ಶಾಪಿನಲ್ಲಿ ಮಾರುವ ನಿಮೆಸುಲೈಡ್ ಅಲ್ಲಿನ ಮಾರುಕಟ್ಟೆಗೆ ಬಂದೇ ಇಲ್ಲ, ಹುಡುಕಿದರೆ ಸಿಗುವುದಿಲ್ಲ. ಇಲ್ಲಿ ಅದನ್ನು ಹನ್ನೆರಡು ವರ್ಷದ ಕೆಳಗಿನ ಮಕ್ಕಳಿಗೆ ಕೊಡಬಾರದು ಅಂತ 2011ರಲ್ಲಿ ನಿಷೇಧಿಸಿದ್ದಾರೆ. ಅದಕ್ಕೆ ನಮ್ಮ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ತಾಣವನ್ನೇ ನೋಡಬೇಕು. 2016ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 344 ಸಂಯುಕ್ತ ಔಷಧಗಳನ್ನು ಒಟ್ಟಿಗೆ ನಿಷೇಧಿಸಿತು, ಕೋರ್ಟು ಕಚೇರಿಯಾಗಿ 2018ರಲ್ಲಿ 328ಕ್ಕೆ ಮತ್ತೆ ಆದೇಶ ಬಂತು. ಹಾಗೆಯೇ ಹೊಟ್ಟೆಯುರಿಗೆ ಮನೆಮನೆಯಲ್ಲೂ ಇದ್ದ ರಾನಿಟಿಡಿನ್: 2019ರಲ್ಲಿ ಅದರಲ್ಲಿ ಕ್ಯಾನ್ಸರಿಗೆ ಕಾರಣವಾಗಬಹುದಾದ ಅಂಶ ಸಿಕ್ಕಿತು, 2020ರ ಏಪ್ರಿಲಿನಲ್ಲಿ ಅಮೆರಿಕದ ಔಷಧ ಇಲಾಖೆ ಅದನ್ನು ಮಾರುಕಟ್ಟೆಯಿಂದ ತೆಗೆಯಿರಿ ಅಂದಿತು. ಲೈಬ್ರರಿಯ ಕಪಾಟಿನಲ್ಲಿರುವ ಕೆ.ಡಿ. ತ್ರಿಪಾಠಿಯವರ ಔಷಧಶಾಸ್ತ್ರ ಪುಸ್ತಕದ ಹಳೆಯ ಆವೃತ್ತಿಯಲ್ಲಿ ಈ ಸುದ್ದಿ ಎಲ್ಲಿಂದ ಬರಬೇಕು? ಪುಸ್ತಕ ಬುನಾದಿ, ಅದನ್ನು ಬಿಡಬಾರದು. ಆದರೆ ಔಷಧ ಮಾರುವವರಿಗೆ ಇಂದಿನ ಆದೇಶ ಇಂದೇ ಗೊತ್ತಿರಬೇಕು.

ಹಾಗಾಗಿ ಯಾವ ಪುಟ ತೆರೆದರೂ ಬರೆದವರು ಯಾರು, ಯಾವ ದೇಶದ್ದು, ಯಾವಾಗ ತಿದ್ದಿದ್ದು ಅಂತ ನೋಡು ಅಂದೆ. ಈ ಮೂರೂ ಸಿಗದಿದ್ದರೆ ಪುಟ ಮುಚ್ಚು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಿಂದಲೇ ಹೆಲಿನೆಟ್ ಅಂತ ಗ್ರಂಥಾಲಯ ಜಾಲ ನಡೆಸುತ್ತಿದೆ. ದುಬಾರಿ ಸಂಶೋಧನಾ ಪತ್ರಿಕೆಗಳನ್ನು ಸೇರಿದ ಕಾಲೇಜುಗಳಿಗೆಲ್ಲ ಒಟ್ಟಿಗೆ ತರಿಸಿಕೊಡುತ್ತದೆ. ನಿನ್ನ ಕಾಲೇಜಿನಲ್ಲಿ ಇದೆಯಾ ಅಂತ ಲೈಬ್ರರಿಯವರನ್ನು ಕೇಳು ಅಂದರೆ, ಆ ಹೆಸರನ್ನೇ ಕೇಳಿರಲಿಲ್ಲ ಅವಳು. ಯಾರೂ ಹೇಳಿಲ್ಲವಲ್ಲ. ಹಣ ಕೊಟ್ಟು ತರಿಸಿದ್ದು ಮಕ್ಕಳ ಕೈಗೆ ತಲುಪದಿದ್ದರೆ ನೋವಾಗುತ್ತದೆ.

"ಇಷ್ಟೆಲ್ಲ ಒಳ್ಳೇದಿದ್ರೆ ಪರೀಕ್ಷೇಲಿ ಯಾಕೆ ಕೇಳಲ್ಲ?" ಅಂತ ಅಕ್ಕ ಕೇಳಿದ ಪ್ರಶ್ನೆಗೆ ಎಲ್ಲ ಫಾರ್ಮಸಿ ಮೇಷ್ಟ್ರುಗಳೂ ಉತ್ತರ ಕೊಡಬೇಕು. ಆ 2014ರ ನಿಯಮಾವಳಿಯಲ್ಲೇ ದಾರಿ ಇದೆ. ಥಿಯರಿಯ ನೂರು ಅಂಕದಲ್ಲಿ ಇಪ್ಪತ್ತೈದು ಕಾಲೇಜಿನ ಕೈಯಲ್ಲಿವೆ. ಅದರೊಳಗೆ ಕ್ವಿಜ್, ಅಸೈನ್‌ಮೆಂಟ್, ಸೆಮಿನಾರ್ ಜೊತೆಗೆ ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆಯ ಹೆಸರೂ ಇದೆ. ಇವೆಲ್ಲಕ್ಕೂ ಸೇರಿ ಮೂರೇ ಅಂಕ, ನಿಜ. ಹಾಜರಿಗೆ ನಾಲ್ಕು! ಆದರೂ ಆ ಮೂರು ಅಂಕವನ್ನು ಚೆನ್ನಾಗಿ ಬಳಸಿದರೆ ಮಕ್ಕಳ ಅಭ್ಯಾಸವೇ ಬದಲಾಗುತ್ತದೆ. ಒಂದು ಚೀಟಿ ಕೊಡಿ. ಅರವತ್ತೈದು ವರ್ಷದ ಹೆಂಗಸು, ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ, ರಕ್ತದೊತ್ತಡಕ್ಕೆ ಒಂದು, ಮಂಡಿನೋವಿಗೆ ಒಂದು. ಮೊಬೈಲು ತೆರೆದು ಹುಡುಕಿ, ಎಲ್ಲಿ ಎಚ್ಚರ ಬೇಕು, ಯಾವ ತಾಣದಲ್ಲಿ ಓದಿದಿರಿ, ಅದನ್ನೇಕೆ ನಂಬಿದಿರಿ ಬರೆಯಿರಿ ಅನ್ನಿ. ನಕಲು ಮಾಡಿದ ನೋಟ್ಸು ಇಲ್ಲಿ ಕೆಲಸಕ್ಕೆ ಬಾರದು. ಕೊನೆಯ ಪ್ರಶ್ನೆ ಹೀಗಿರಲಿ: ಈ ಹೆಂಗಸಿಗೆ ಕನ್ನಡದಲ್ಲಿ ಐದು ವಾಕ್ಯ ಹೇಳಿ.

ಆ ಐದು ವಾಕ್ಯವೇ ಕಷ್ಟ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ತಾಣಗಳೂ ಇಂಗ್ಲಿಷಿನಲ್ಲಿ, ಆದರೆ ನಾಳೆ ಮೆಡಿಕಲ್ ಶಾಪಿನ ಕೌಂಟರಿನ ಆಚೆ ನಿಲ್ಲುವವರು ಅಕ್ಕನಂಥವರು. ಆಸ್ತಮಾ ಪಂಪ್ ಸೇದುವ ಮುಂಚೆ ಉಸಿರು ಪೂರ್ತಿ ಬಿಡಿ, ಸೇದಿದ ಮೇಲೆ ಹತ್ತು ಎಣಿಸುವ ತನಕ ಹಿಡಿದುಕೊಳ್ಳಿ, ಸ್ಟೆರಾಯ್ಡ್ ಪಂಪ್ ಆದರೆ ಬಾಯಿ ಮುಕ್ಕಳಿಸಿ ಉಗಿಯಿರಿ ಅನ್ನುವುದನ್ನು ತಿಳಿಯುವ ಹಾಗೆ ಹೇಳಲು ಬಾರದಿದ್ದರೆ ಫಾರ್ಮಸಿ ಪದವಿಯ ಉಪಯೋಗ ಅರ್ಧಕ್ಕೆ ನಿಂತುಬಿಡುತ್ತದೆ. ಔಷಧದಿಂದ ತೊಂದರೆಯಾದರೆ ರೋಗಿಯೇ ತುಂಬಿ ಕಳಿಸುವ ಫಾರಂ ಒಂದಿದೆ, ಗಾಜಿಯಾಬಾದಿನ ಭಾರತೀಯ ಔಷಧಸಂಹಿತೆ ಆಯೋಗದ್ದು. ಅದು ಕನ್ನಡದಲ್ಲೂ ಇದೆ. 1800-180-3024ಕ್ಕೆ ಉಚಿತವಾಗಿ ಫೋನೂ ಮಾಡಬಹುದು. ಈ ಫಾರಂ ತುಂಬಿಸುವುದನ್ನೇ ಒಂದು ತರಗತಿಯಲ್ಲಿ ಮಾಡಿಸಿದರೆ ಮಕ್ಕಳಿಗೆ ಔಷಧದ ಕನ್ನಡವೂ ಬರುತ್ತದೆ, ಜನರ ಜೊತೆ ಮಾತಾಡುವ ರೀತಿಯೂ ಬರುತ್ತದೆ.

ಫಾರ್ಮಸಿ ಪಾಠ ಹೇಳುವ ಗೆಳೆಯರಲ್ಲಿ, ತಂಗಿ ತಮ್ಮಂದಿರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ವಿಷಯದಲ್ಲಿ ಮಕ್ಕಳು ಪ್ರತಿ ವರ್ಷ ಎಡವುವ ಜಾಗ ನಿಮಗೆ ಗೊತ್ತೇ ಇರುತ್ತದೆ. ಅದೊಂದನ್ನೇ ತೆಗೆದುಕೊಂಡು, ಹತ್ತು ನಿಮಿಷ, ಕನ್ನಡದಲ್ಲಿ ರೆಕಾರ್ಡ್ ಮಾಡಿ. ಇಂಗ್ಲಿಷ್ ಹೆಸರುಗಳು ಹಾಗೇ ಇರಲಿ, ವಿವರಣೆ ನಿಮ್ಮ ಮಾತಿನಲ್ಲಿರಲಿ. ನಿಮ್ಮ ಹೆಸರು, ಕಾಲೇಜು, ತಾರೀಖು ಕಾಣುವಂತೆ ಹಾಕಿ, ತಪ್ಪು ಸಿಕ್ಕರೆ ತಿದ್ದಿ ಮತ್ತೆ ಹಾಕಿ. ಈ ಸೆಮಿಸ್ಟರಿನಲ್ಲೇ ಒಂದಾದರೂ ಮಾಡಿ.